ಮನೆಯ ಹಿರಿಯರು ಬೇಡ ಎಂದರು

ಸುದ್ದಿ ಬಂದಾಗ ಜಟ್ಟಪ್ಪ ತಾರಸಿಯ ಮೇಲೆ ಹಪ್ಪಳ ಕಾಯುತ್ತಿದ್ದ. ಚೈತ್ರದ ಬಿಸಿಲು ನೆತ್ತಿಗೇರಿತ್ತು. ತೀರಿಕೊಂಡ ತಮ್ಮನ ಹೆಂಡತಿ ಶೇಷಮ್ಮ ಹಳೆಯ ಸೀರೆಯ ಮೇಲೆ ಹರಡಿ ಹೋಗಿದ್ದ ಹಲಸಿನ ಹಪ್ಪಳಕ್ಕೆ ಕಾಗೆ ಬಾಯಿ ಹಾಕದಂತೆ ಕೋಲು ಹಿಡಿದು, ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಿದ್ದ. ಅಂಗಿಯ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಮದುವೆ ವಿಡಿಯೋದವರಿರಬೇಕು ಅಂದುಕೊಂಡ. ತಮ್ಮನ ಮಗ ಸುನಿಲ್ ತನ್ನ ವಿಡಿಯೋ ಅಂಗಡಿಯ ಕಾರ್ಡಿನಲ್ಲಿ ತನ್ನ ನಂಬರಿನ ಕೆಳಗೆ ದೊಡ್ಡಪ್ಪನ ನಂಬರನ್ನೂ ಹಾಕಿಸಿದ್ದ.

"ಈ ಕಾರ್ಡು ಒಬ್ರ ಕಿಸೇಲಿ ಸಿಕ್ತು. ನೀವು ಅವ್ರಿಗೆ ಏನಾಗ್ಬೇಕು?"

"ದೊಡ್ಡಪ್ಪ."

"ಆನಂದಪುರದಿಂದ ಸಾಗರದ ಕಡೆ ಬರೋ ತಿರುವಿನಲ್ಲಿ ಜಲ್ಲಿ ಮೇಲೆ ಬೈಕು ಜಾರಿದೆ. ಆಸ್ಪತ್ರೆಗೆ ಅಂತ ಎತ್ಕೊಂಡು ಹೊರಟ್ವಿ. ಏನ್ ಹೇಳ್ಲಿ ಯಜಮಾನ್ರೇ, ದಾರೀಲೇ ಹೋಗ್ಬಿಟ್ರು."

ಆನಂದಪುರ ಎಂಬ ಹೆಸರು ಜಟ್ಟಪ್ಪನ ಕಿವಿಗೆ ಬಿದ್ದದ್ದೇ ತಡ, ಆ ದನಿ ಮುಂದಿನ ಮಾತು ಆಡುವ ಮೊದಲೇ ಅವನಿಗೆ ಎಲ್ಲವೂ ಗೊತ್ತಾಗಿಹೋಗಿತ್ತು: ಹುಡುಗ ಯಾಕೆ ಹೋದ, ಯಾರಿಂದಾಗಿ ಹೋದ. ಆದರೆ ಬಾಯಿ ಕೇಳಿದ್ದೇ ಬೇರೆ. "ಆನಂದಪುರದಾಗೆ ಅವನಿಗೆ ಎಂತ ಕೆಲ್ಸ ಇತ್ತು?" ಆ ಕಡೆಯವನಿಗೆ ಏನು ಗೊತ್ತು? ಆ ಹೊತ್ತಿಗೆ ಶೇಷಮ್ಮ ಇನ್ನೊಂದು ತಟ್ಟೆ ಹಪ್ಪಳ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದಳು. ಆಮೇಲೆ ಎಲ್ಲ ಮುಗಿದು ಯೋಚಿಸುವಾಗ ಜಟ್ಟಪ್ಪನಿಗೆ ಚುಚ್ಚಿದ್ದು ಇದು: ಅವಳು ಕೇಳಿಸಿಕೊಂಡದ್ದು ಸಾವಿನ ಸುದ್ದಿಗಿಂತ ಮೊದಲು ತನ್ನ ಆ ಪ್ರಶ್ನೆಯನ್ನು. ಅಳು ಬರುವ ಮೊದಲೇ ಸುಳ್ಳು ಬಂದಿತ್ತು. ಆ ಸುಳ್ಳೇ ಮುಂದೆ ಮನೆಯ ಮಾತಾಯಿತು. ಹೆಣ ಮನೆಗೆ ಬಂದಾಗ, ಬೂದಿ ಎತ್ತುವಾಗ, ಬಂದವರಿಗೆಲ್ಲ ಶೇಷಮ್ಮ ಅದನ್ನೇ ಹೇಳಿಕೊಂಡು ಅತ್ತಳು: "ಆನಂದಪುರದಾಗೆ ಅವನಿಗೆ ಎಂತ ಕೆಲ್ಸ ಇತ್ತೋ, ಭಾವನಿಗೂ ಗೊತ್ತಿಲ್ಲ."

ಸುನಿಲನ ಹೆಂಡತಿ ವಿನಯಾಳಿಗೆ ಮಾತ್ರ ಒಂದು ಕಾರಣ ಗೊತ್ತಿತ್ತು. ಹೊರಡುವಾಗ ಅವನು ಅವಳಿಗೆ ಹೇಳಿದ್ದ: ಆನಂದಪುರದ ಒಂದು ಮದುವೆಯವರಿಗೆ ಪೆನ್‌ಡ್ರೈವ್ ಕೊಟ್ಟು ಬರ್ತೀನಿ, ಒಂದು ಗಂಟೆ ಅಷ್ಟೆ. ಐದನೆಯ ದಿನ ಅವಳು ಅಂಗಡಿಯ ಮದುವೆ ಪುಸ್ತಕ ತೆಗೆದು ನೋಡಿದಳು. ಹೊಸನಗರದ ಎರಡು ಮದುವೆ ಇದ್ದವು, ತೀರ್ಥಹಳ್ಳಿಯದೊಂದು, ಅರಳಸುರಳಿಯದೊಂದು ಗೃಹಪ್ರವೇಶ. ಆನಂದಪುರದ ಹೆಸರೇ ಇರಲಿಲ್ಲ. ಹಿಂದಿನ ವರ್ಷದ ಪುಸ್ತಕವನ್ನೂ ತೆಗೆದಳು. ಜಟ್ಟಪ್ಪ ಜಗಲಿಯ ಮೇಲೆ ಕೂತು ಅವಳ ಬೆರಳು ಒಂದೊಂದೇ ಸಾಲಿನ ಮೇಲೆ ಜಾರುವುದನ್ನು ನೋಡಿದ. ಈಗ ಹೇಳಬೇಕು ಅಂದುಕೊಂಡ. ಅವಳು ಪುಸ್ತಕ ಮುಚ್ಚಿ ಒಳಗೆ ಹೋದಳು. ನೆಂಟರಲ್ಲಿ ಗುಸುಗುಸು ಹುಟ್ಟಿದ್ದು ಅಲ್ಲಿಂದ. ಮೂವತ್ತಮೂರು ವರ್ಷದ ಗಂಡಸು, ಹೆಂಡತಿಗೆ ಒಂದು ಹೇಳಿ ಇನ್ನೆಲ್ಲಿಗೋ ಹೋಗುತ್ತಾನೆ ಅಂದರೆ ಜನ ಸುಮ್ಮನಿರುತ್ತಾರೆಯೆ? ಮಾತು ಯಾವ ದಿಕ್ಕಿಗೆ ತಿರುಗುತ್ತಿದೆ ಎಂದು ಜಟ್ಟಪ್ಪನಿಗೆ ಗೊತ್ತಿತ್ತು. ಒಂದು ಮಾತು ಹೇಳಿದರೆ ಸತ್ತವನ ಹೆಸರು ತೊಳೆದಂತಾಗುತ್ತಿತ್ತು. ಆ ಒಂದು ಮಾತನ್ನು ಮಾತ್ರ ಅವನು ಹೇಳಲಿಲ್ಲ. ಸೂತಕದ ಮನೆ, ದೇವರಿಗೆ ದೀಪ ಹಚ್ಚುವಂತಿರಲಿಲ್ಲ. ನಲವತ್ತು ವರ್ಷದಿಂದ ಒಂದು ದಿನವೂ ದೀಪ ತಪ್ಪಿಸದವನು ಹತ್ತು ದಿನ ಸಿಗಂದೂರಮ್ಮನ ಪಟದ ಮುಂದೆ ನಿಲ್ಲಬೇಕಾಗಿಲ್ಲವೆಂದು ಒಳಗೊಳಗೇ ಹಗುರಾದ. ಹಗುರಾದೆ ಎಂದು ತಿಳಿದಾಗ ಇನ್ನಷ್ಟು ಕುಗ್ಗಿದ.

ಹತ್ತನೆಯ ದಿನ ಪೊಲೀಸರು ಸುನಿಲನ ಬ್ಯಾಗು ಕೊಟ್ಟು ಕಳಿಸಿದರು. ಒಡೆದು ಪುಡಿಯಾದ ಫೋನು, ಒಂದು ಟವೆಲು, ಕನ್ನಡಕದ ಡಬ್ಬಿ, ಅಂಟು ಪಟ್ಟಿ ಹಾಕಿ ಮುಚ್ಚಿದ ಒಂದು ರಟ್ಟಿನ ಪೆಟ್ಟಿಗೆ. ಬೈಕು ನಜ್ಜುಗುಜ್ಜಾಗಿತ್ತು, ಪೆಟ್ಟಿಗೆಯ ಒಂದು ಮೂಲೆಯೂ ಮುದುಡಿರಲಿಲ್ಲ.

"ಕಂಪ್ಯೂಟರ್ ತಣ್ಣಗಿಡೋಕೆ ನೀರಿನದು ಏನೋ ಬರುತ್ತೆ ಅಂತಿದ್ರಲ್ಲ, ಅದೇ ಇರ್ಬೇಕು," ಅಂದಳು ವಿನಯಾ. "ಯಾವಾಗ ಬಂತೋ, ನನಗೆ ಹೇಳೇ ಇಲ್ಲ. ಮೂರು ತಿಂಗಳಿಂದ ಅದರದೇ ಜಪ. ನಾಳೆ ಎಡೆಗೆ ಇದನ್ನೂ ಇಡೋಣ ಅತ್ತೆ."

"ಇಡು. ಆದ್ರೆ ಹಿಂಗೆ ಮುಚ್ಚಿದ್ದು ಇಡಬಾರ್ದು," ಅಂದಳು ಶೇಷಮ್ಮ. "ಕಟ್ಟಿದ್ದು, ಮುಚ್ಚಿದ್ದು ಎಡೆಗೆ ಆಗಲ್ಲ. ಹೋದವ್ರಿಗೆ ಗಂಟು ಬಿಚ್ಚೋಕೆ ಬೆರಳು ಇರಲ್ಲ ಅಂತ ನಮ್ಮತ್ತೆ ಹೇಳೋರು. ಮಾವನ ಎಡೆಗೆ ಬೀಡಿ ಕಟ್ಟು ಇಟ್ರೂ ದಾರ ಬಿಚ್ಚೇ ಇಡ್ತಿದ್ರು, ಅಲ್ದಾ ಭಾವ?"

ಹೌದು ಎಂದು ಜಟ್ಟಪ್ಪ ತಲೆಯಾಡಿಸಿದ. ಅಪ್ಪನ ಎಡೆಗೆ ಬೀಡಿ ಕಟ್ಟಿನ ಕೆಂಪು ದಾರ ಬಿಚ್ಚಿದವನು ಅವನೇ. ದಾರ ಬಿಚ್ಚಿದ ಮೇಲೂ ಬೀಡಿಗಳು ಒಂದಕ್ಕೊಂದು ಅಂಟಿಕೊಂಡೇ ನಿಂತಿದ್ದವು. ಆಗ ಹನ್ನೊಂದು ವರ್ಷದವನಿದ್ದ ಅವನಿಗೆ ಇದೂ ಒಂದು ಗಂಟೇ ಅಲ್ಲವೆ, ಬೆರಳಿಲ್ಲದ ಅಪ್ಪ ಹೇಗೆ ಬಿಡಿಸಿಕೊಳ್ಳುತ್ತಾನೆ ಎಂದು ಭಯವಾಗಿತ್ತು.

"ನೀವೇ ಬಿಚ್ಚಿ ದೊಡ್ಡ ಮಾವ," ಅಂದಳು ವಿನಯಾ. "ಮಿಶನ್ನಿನ ಸಾಮಾನು. ನಮಗೆ ಎಂತ ಗೊತ್ತಾಗುತ್ತೆ."

ಅವನು ಪೆಟ್ಟಿಗೆಯನ್ನು ಎತ್ತಿಕೊಂಡು ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆಗೆ ಬಂದ. ಅದೇ ಸುನಿಲನ ಅಂಗಡಿ. ಷಟರು ಅರ್ಧಕ್ಕೆ ಇಳಿದಿತ್ತು, ಕೆಳಗಿನಿಂದ ಮಧ್ಯಾಹ್ನದ ಬೆಳಕು ಮೊಣಕಾಲಿನವರೆಗೆ ಬರುತ್ತಿತ್ತು. ಮೇಜಿನ ಮೇಲೆ ಕಂಪ್ಯೂಟರು ಪಕ್ಕದ ಗಾಜು ಕಳಚಿಕೊಂಡು, ಹೊಟ್ಟೆ ತೆರೆದು ನಿಂತಿತ್ತು. ಒಳಗೆ ರೇಡಿಯೇಟರು, ಹಿಡಿಗಾತ್ರದ ಪಂಪು, ಬಾಗಿಸಿ ಇಟ್ಟ ಪೈಪು, ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ನಡುವೆ ಅಂಗೈಯಗಲ ಜಾಗ ಬರಿದಾಗಿತ್ತು. ಜಟ್ಟಪ್ಪ ಪೆಟ್ಟಿಗೆಯನ್ನು ತಿರುಗಿಸಿದ. ಅಡಿಭಾಗದಲ್ಲಿ ಸುನಿಲನ ಹೆಸರು, ವಿಳಾಸ. ಅದರ ಪಕ್ಕದಲ್ಲಿ ಆಮೇಲೆ ಅಂಟಿಸಿದ ಹಳದಿ ಚೀಟಿ. ಚೀಟಿಯಲ್ಲಿ ತಾರೀಕು, ಇಂಗ್ಲಿಷಿನ ಒಂದು ದಪ್ಪ ಪದ, ಅದರ ಕೆಳಗೆ ಬಾಲ್‌ಪೆನ್ನಿನಲ್ಲಿ ಅವಸರದ ಕನ್ನಡ ಅಕ್ಷರ: ಮನೆಯ ಹಿರಿಯರು ಬೇಡ ಎಂದರು.

ಎಷ್ಟು ಮರ್ಯಾದೆಯಿಂದ ಬರೆದಿದ್ದ, ಪಾರ್ಸಲ್ ತಂದಿದ್ದ ಆ ಮನುಷ್ಯ! ಮುದುಕ ಬೇಡ ಅಂದ ಎಂದು ಬರೆಯಬಹುದಿತ್ತು. ಇದೇ ಷಟರಿನ ಕೆಳಗೆ ಬಗ್ಗಿ ಒಳಗೆ ಬಂದು, ಬೆವರು ಒರೆಸಿಕೊಂಡು, "ಸುನಿಲ್ ಅವ್ರು ಫೋನ್ ಎತ್ತಲ್ಲ ಯಜಮಾನ್ರೇ, ವಾಟರ್ ಬ್ಲಾಕ್ ಅಂತ ಪಾರ್ಸಲ್ ಇದೆ, ನೀವು ಒಂದು ಸೈನ್ ಹಾಕಿದ್ರೆ ಸಾಕು" ಅಂದಿದ್ದ. ಒಂದು ಸೈನು. ಮೂವತ್ತೊಂದು ವರ್ಷ ಲಿಂಗನಮಕ್ಕಿಯ ಪವರ್‌ಹೌಸಿನಲ್ಲಿ ಪ್ರತಿ ಪಾಳಿಗೆ ಎರಡು ಸಲ ಸೈನು ಹಾಕಿದ ಕೈ. ಅಲ್ಲಿ ಅವನ ಕೆಲಸವೇ ನೀರಿನದು. ತಿರುಗುವ ಯಂತ್ರ ಕಾಯುತ್ತದೆ, ಕಾದದ್ದನ್ನು ತಣಿಸಲು ಪೈಪಿನೊಳಗೆ ನೀರು ಹರಿಯುತ್ತಲೇ ಇರಬೇಕು. ಗಂಟೆಗೊಮ್ಮೆ ಎಷ್ಟು ಕಾದಿದೆ ಎಂದು ನೋಡಿ ಬರೆಯಬೇಕು, ಜಾಲರಿಗೆ ಎಲೆ ಕಸ ಸಿಕ್ಕಿಕೊಂಡರೆ ಬಿಡಿಸಬೇಕು. 'ಬ್ಲಾಕ್' ಎಂಬ ಮಾತಿಗೆ ಅಲ್ಲಿ ಒಂದೇ ಅರ್ಥ. ನೀರು ಕಟ್ಟಿದೆ, ಓಡು. ನಿದ್ದೆಯಲ್ಲಿ ಆ ಮಾತು ಕೇಳಿದರೂ ಎದ್ದು ಕೂರುತ್ತಿದ್ದ. ಕರೆಂಟಿನ ಪಕ್ಕದಲ್ಲೇ ನೀರು ಹರಿಯಬೇಕು, ಹರಿದರೇ ಯಂತ್ರ ಉಳಿಯುವುದು ಎಂಬುದು ಈ ಊರಿನಲ್ಲಿ ಅವನಷ್ಟು ತಿಳಿದವರು ಯಾರಿದ್ದರು? ಅದನ್ನೇ ತಿಳಿಯದವನಂತೆ ನಟಿಸಿದ್ದ. "ಬೇಡ," ಅಂದಿದ್ದ. "ಬೇಡ ಅಂದ್ರೆ ಆನಂದಪುರದ ಗೋಡೌನಿಗೆ ಹೋಗುತ್ತೆ, ಅಲ್ಲಿಂದ ವಾಪಸ್ಸು. ಆಮೇಲೆ ಅವ್ರು ಬಯ್ಯಬಾರ್ದು." "ಹೋಗ್ಲಿ ಮಾರಾಯ. ಕರೆಂಟಿನ ಡಬ್ಬಿಗೆ ನೀರು ಬಿಡೋ ಹುಚ್ಚು, ನಾಕು ದಿನ ತಡ ಆದ್ರೆ ಬಿಡುತ್ತೆ." ಬಂದವನು ನಕ್ಕಿದ್ದ. ಅವನ ನಗೆ ಜಟ್ಟಪ್ಪನಿಗೆ ಹಿತವಾಗಿತ್ತು. ಹಿಂದಿನ ಭಾನುವಾರ ಕಳೆದುಕೊಂಡದ್ದನ್ನು ಯಾರೋ ತಂದು ಕೈಗೆ ಕೊಟ್ಟಂತಿತ್ತು.

ಅಂಟು ಪಟ್ಟಿಯನ್ನು ಚಾಕುವಿನಿಂದ ಸೀಳಿದ. ರಟ್ಟಿನೊಳಗೆ ಕಪ್ಪು ಪೆಟ್ಟಿಗೆ, ಅದರೊಳಗೆ ಮೆತ್ತನೆಯ ಕಪ್ಪು ಹಾಸು, ಹಾಸಿನ ಗುಳಿಯಲ್ಲಿ ಅದು ಮಲಗಿತ್ತು. ಕೈಗೆತ್ತಿಕೊಂಡಾಗ ಅದರ ತೂಕಕ್ಕೆ ಬೆಚ್ಚಿದ. ಅಂಗೈಯಗಲದ ವಸ್ತು, ಒಳ್ಳೆ ತಾಮ್ರದ ಭಾರ. ಮೇಲ್ಭಾಗ ಗಾಜಿನಂತೆ ಪಾರದರ್ಶಕ. ಒಳಗೆ ನೋಡಿದರೆ ತಾಮ್ರವನ್ನು ಕೂದಲೆಳೆಯಷ್ಟು ಸಣ್ಣಗೆ ಸೀಳಿ ಸಾಲು ಸಾಲು ನಿಲ್ಲಿಸಿದ್ದರು, ಮೀನಿನ ಕಿವಿರಿನ ಹಾಗೆ. ಮೇಲೆ ಎರಡು ತೂತು, ಎರಡಕ್ಕೂ ಒಳಗೆ ತಿರುಪಿನ ಸುತ್ತು. ನೀರು ಬರುವುದು ಯಾವುದರಿಂದ, ಹೋಗುವುದು ಯಾವುದರಿಂದ ಎಂದು ಯಾರೂ ಹೇಳಬೇಕಾಗಲಿಲ್ಲ. ಬರುವ ನೀರು ಕಿವಿರಿನ ನಡುವಿಗೇ ಬಿದ್ದು ಎರಡೂ ಕಡೆಗೆ ಸೀಳಿ ಹೋಗಬೇಕು. ಪವರ್‌ಹೌಸಿನಲ್ಲಿ ಆಳೆತ್ತರ ನಿಂತಿದ್ದ ಅದೇ ತಣಿಸುವ ಯಂತ್ರ ಇಲ್ಲಿ ಕುಗ್ಗಿ ಅಂಗೈಯಲ್ಲಿ ಕೂತಿತ್ತು. ಏನು ಕೆಲಸ, ಏನು ಕುಸುರಿ! ಹಾಗೆ ಮನಸ್ಸು ಹಿಗ್ಗಿದ್ದನ್ನು ಗಮನಿಸಿ ನಾಚಿದ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅದನ್ನು ತುಟಿಗೆ ಒತ್ತಿಕೊಂಡು ಒಂದು ತೂತಿಗೆ ಊದಿದ. ಹೊಸ ಪೈಪಿಗೆ ಊದಿ ನೋಡುವುದು ಅವನ ಹಳೆಯ ರೂಢಿ. ಉಸಿರು ಎಲ್ಲೂ ತಡೆಯದೆ ಇನ್ನೊಂದು ತೂತಿನಿಂದ ಹೊರಗೆ ಬಂದು ಕೆನ್ನೆಗೆ ತಾಗಿತು. ಬ್ಲಾಕ್ ಎಂದು ಹೆಸರಿಟ್ಟಿದ್ದರಲ್ಲ, ಅದರೊಳಗೆ ಕಟ್ಟಿಕೊಂಡದ್ದು ಏನೂ ಇರಲಿಲ್ಲ.

ಆ ಭಾನುವಾರ ಇದೇ ಕೋಣೆಯಲ್ಲಿ ಜಟ್ಟಪ್ಪ, ಸುನಿಲ್ ಅಲ್ಲದೆ ಇನ್ನೂ ಮೂವರಿದ್ದರು. ತೀರ್ಥಹಳ್ಳಿಯಿಂದ ಕ್ಯಾಮೆರಾ ಕೆಲಸಕ್ಕೆ ಬರುತ್ತಿದ್ದ ಲಿಖಿತ್, ಪಕ್ಕದ ಜೆರಾಕ್ಸ್ ಅಂಗಡಿಯ ಶಿವಮೂರ್ತಿ, ಅವನ ಹೆಂಡತಿ. ಸುನಿಲ್ ಹುಮ್ಮಸ್ಸಿನಲ್ಲಿದ್ದ. "ಆರು ಗಂಟೆ ಮದುವೆ ಹಾಕಿದ್ರೆ ಕಾದು ಕೆಂಡ ಆಗುತ್ತೆ ಮಾರಾಯ. ಸರಿಯಾಗಿ ತಾಳಿ ಕಟ್ಟೋ ಹೊತ್ತಿಗೆ ಆಫ್! ಹೊಸನಗರದ ಇಬ್ರು ಮದುಮಕ್ಳು ಒಂದು ತಿಂಗಳಿಂದ ಕೈಲಿ ತಾಳಿ ಹಿಡ್ಕೊಂಡೇ ನಿಂತಿದಾರೆ." ಎಲ್ಲರೂ ನಕ್ಕರು. ಜಟ್ಟಪ್ಪನಿಗೂ ಹುರುಪು ಬಂತು. ನಿವೃತ್ತನಾಗಿ ಒಂಬತ್ತು ವರ್ಷ, ಅವನ ಕೆಲಸದ ಮಾತು ಆ ಮನೆಯಲ್ಲಿ ಮೊದಲ ಸಲ ಬಂದಿತ್ತು. ಕುರ್ಚಿ ಮುಂದೆ ಎಳೆದುಕೊಂಡು ಹೇಳಿದ: "ನೀರು ತುಂಬಿದ ಕೂಡ್ಲೆ ಕರೆಂಟು ಕೊಡಬಾರ್ದು ಸುನಿಲ. ಒಂದು ದಿವ್ಸ ಸುಮ್ನೆ ನೀರು ಹರಿಸಿ ನೋಡ್ಬೇಕು. ಜಾಯಿಂಟಿನ ಕೆಳಗೆ ಒಣ ಕಾಗದ ಇಡು, ಎಲ್ಲಿ ಬೆವರುತ್ತೆ ಅಂತ ಗೊತ್ತಾಗುತ್ತೆ." ಸುನಿಲ್ ಕಂಪ್ಯೂಟರಿನಿಂದ ತಲೆ ಎತ್ತದೆ, "ದೊಡ್ಡಪ್ಪ, ಇದು ನಿಮ್ಮ ಡ್ಯಾಮ್ ಅಲ್ಲ ಮಾರಾಯ್ರೇ," ಅಂದ. ಲಿಖಿತ್ ಬಿಡುತ್ತಾನೆಯೆ? "ನೀರು ಬಿಡೋಕೆ ಮುಂಚೆ ಸೈರನ್ ಹೊಡೀಬೇಕಾ ಅಂಕಲ್? ಕೆಳಗಿನ ಊರೋರಿಗೆ ಡಂಗುರ?" ಶಿವಮೂರ್ತಿಯ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಜಟ್ಟಪ್ಪನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ. ಮುಂದೆ ಎಳೆದುಕೊಂಡಿದ್ದ ಕುರ್ಚಿಯನ್ನು ಹಿಂದಕ್ಕೆ ಹೇಗೆ ಒಯ್ಯುವುದೆಂದು ತಿಳಿಯದೆ ಅಲ್ಲೇ, ಎಲ್ಲರ ನಡುವೆ, ಬಹಳ ಹೊತ್ತು ಕೂತಿದ್ದ. ಅಷ್ಟೇ ನಡೆದದ್ದು. ಅಷ್ಟಕ್ಕೆ.

ಕಪ್ಪು ಪೆಟ್ಟಿಗೆಯ ತಳದಲ್ಲಿ ತಿರುಪಿನ ಪೊಟ್ಟಣ, ಸಿರಿಂಜಿನಲ್ಲಿ ಬೂದು ಬಣ್ಣದ ಅಂಟು, ಮಡಿಸಿದ ಒಂದು ಕಾಗದ. ಕಾಗದ ಬಿಡಿಸಿದ. ಓದು ಬೇಕಿರಲಿಲ್ಲ, ಎಲ್ಲ ಚಿತ್ರವೇ. ಆರನೆಯ ಚಿತ್ರದಲ್ಲಿ ಪಂಪು ಒಂದೇ ಓಡುತ್ತಿತ್ತು, ಮಿಕ್ಕ ಕರೆಂಟಿನ ಮೇಲೆ ಕೆಂಪು ಗೀಟು ಎಳೆದಿದ್ದರು. ಪೈಪಿನ ಜಾಯಿಂಟುಗಳ ಕೆಳಗೆ ಮಡಿಸಿದ ಕಾಗದ. ಪಕ್ಕದಲ್ಲಿ ಒಂದು ಗಡಿಯಾರ, ಇಪ್ಪತ್ತನಾಲ್ಕು ಎಂಬ ಅಂಕಿ. ತಾನು ಹೇಳಿದ್ದು ಸರಿಯಾಗಿತ್ತು. ಈ ಸರಿಯನ್ನು ಈಗ ಎಲ್ಲಿ ಇಡುವುದೆಂದು ತಿಳಿಯದೆ ಜಟ್ಟಪ್ಪ ಆ ಕಾಗದವನ್ನು ಮಡಿಸಿದ, ಮತ್ತೆ ಬಿಡಿಸಿದ.

ಷಟರಿನ ಕೆಳಗೆ ಬಗ್ಗಿ ಲಿಖಿತ್ ಒಳಗೆ ಬಂದ. ಅರ್ಧಕ್ಕೆ ನಿಂತ ಮದುವೆಗಳನ್ನು ತನ್ನಲ್ಲಿ ಮುಗಿಸಿಕೊಡುತ್ತೇನೆಂದು ಹಾರ್ಡ್‌ಡಿಸ್ಕ್ ಒಯ್ಯಲು ಬಂದಿದ್ದ. ಮೇಜಿನ ಮೇಲಿನದನ್ನು ನೋಡಿ ನಿಂತುಬಿಟ್ಟ. "ಬಂದಿತ್ತಾ ಅಂಕಲ್ ಇದು? ಪಾಪ, ಕೂರ್ಸೋಕೆ ಪುರುಸೊತ್ತೇ ಆಗ್ಲಿಲ್ಲ." ಆಮೇಲೆ ಕಣ್ಣು ಬೇರೆ ಕಡೆ ಮಾಡಿ ಹೇಳಿದ: "ಅವತ್ತು ನಾನು ಸೈರನ್ನು ಗೀರನ್ನು ಅಂತ ತಮಾಷೆ ಮಾಡಿದ್ನಲ್ಲ. ಸಂಜೆ ಸುನಿಲ್ ಫೋನ್ ಮಾಡಿ ನನಗೆ ಸಮಾ ಬೈದ. ದೊಡ್ಡಪ್ಪ ಹೇಳಿದ್ದೇ ಕರೆಕ್ಟು ಕಣೋ, ಕಂಪನಿಯೋರೂ ಹಂಗೇ ಹೇಳ್ತಾರೆ, ಬ್ಲಾಕ್ ಬರ್ಲಿ, ಮೊದ್ಲ ನೀರು ಅವ್ರ ಕೈಲೇ ಬಿಡ್ಸೋದು ಅಂದ."

"ನನಗೆ ಹೇಳ್ಲಿಲ್ಲ."

"ಬಂದ್ಮೇಲೆ ಹೇಳೋಣ ಅಂತಿದ್ನೇನೋ."

ಲಿಖಿತ್ ಹೋದ ಮೇಲೆ ಜಟ್ಟಪ್ಪ ವಸ್ತುವಿನ ತಳಕ್ಕೆ ಅಂಟಿದ್ದ ತೆಳ್ಳನೆಯ ಹಾಳೆಯ ತುದಿ ಹಿಡಿದು ಎಳೆದ. ಮುಚ್ಚಿದ್ದು ಒಂದೂ ಉಳಿಯಬಾರದಲ್ಲ. ಹಾಳೆಯ ಕೆಳಗೆ ಕನ್ನಡಿ. ಅದರಲ್ಲಿ ಒಂದು ಮೂಗು, ನರೆತ ಹುಬ್ಬು, ಒದ್ದೆ ಕಣ್ಣಿನ ಒಂದು ತುಂಡು. ಹಿಡಿದ ಹೆಬ್ಬೆರಳಿನ ಗುರುತು ಕನ್ನಡಿಯ ನಟ್ಟನಡುವೆ ಮೂಡಿತು. ಪಂಚೆಯ ತುದಿಯಿಂದ ಒರೆಸಿದ, ಅದು ಹರಡಿಕೊಂಡಿತು. ಹೀಗೇ ಒಂದು ಬೆಳಕಿನಲ್ಲಿ, ಪಾರ್ಸಲ್ ವಾಪಸ್ಸು ಕಳಿಸಿದ ದಿನ ಸಂಜೆ, ಸುನಿಲನ ಮುಖ ಕಂಡಿತ್ತು. ಹೊಸನಗರದಿಂದ ಬಂದವನು ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಫೋನಿನ ಬೆಳಕಿನಲ್ಲಿ ಏನನ್ನೋ ಓದಿ, "ದೊಡ್ಡಪ್ಪ, ಮಧ್ಯಾಹ್ನ ಯಾರಾದ್ರೂ ಬಂದಿದ್ರಾ?" ಎಂದು ಕೇಳಿದ್ದ. "ಇಲ್ಲಪ್ಪ," ಅಂದಿದ್ದ ಜಟ್ಟಪ್ಪ. ಸುನಿಲ್ ಒಮ್ಮೆ ಅವನನ್ನು ನೋಡಿದ. ಆ ಫೋನಿನಲ್ಲಿ ಏನಿತ್ತೆಂದು ಈಗ ಚೀಟಿ ನೋಡಿದ ಮೇಲೆ ತಿಳಿಯದಿರಲು ಸಾಧ್ಯವಿರಲಿಲ್ಲ. ಅದೇ ಸಾಲು ಫೋನಿಗೂ ಬಂದಿತ್ತು, ಹುಡುಗನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ "ಹೌದಾ" ಅಂದ, ಫೋನು ಕಿಸೆಗೆ ಹಾಕಿದ, "ಮಾತ್ರೆ ತಗೊಂಡ್ರಾ?" ಎಂದು ಕೇಳಿ ಕಾಲು ತೊಳೆಯಲು ಹೋದ. ಬೈಯಬಾರದಿತ್ತೆ? ಒಂದು ಸಲ ಬೈದಿದ್ದರೆ ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಹೋಗಿ ತರುತ್ತಿರಲಿಲ್ಲವೆ?

ರಟ್ಟಿನ ಪೆಟ್ಟಿಗೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಬಚ್ಚಲಿಗೆ ಹೋದ. ಒಲೆ ತಣ್ಣಗಿತ್ತು. ಸುಡಬೇಕೆಂದು ಬಂದವನಿಗೆ ಕಡ್ಡಿ ಗೀರುವ ಧೈರ್ಯ ಬರಲಿಲ್ಲ. ರಟ್ಟನ್ನು ಸೌದೆಯ ಕೆಳಗೆ, ಬೂದಿಯ ಮೇಲೆ, ಚೀಟಿ ಒಳಮುಖವಾಗುವಂತೆ ತುರುಕಿದ. ಬೆಳಿಗ್ಗೆ ಸ್ನಾನದ ನೀರಿಗೆ ಯಾರೋ ಒಲೆ ಹಚ್ಚುತ್ತಾರೆ. ತಾನು ಸುಟ್ಟಂತಾಗುವುದಿಲ್ಲ. ಇಷ್ಟು ಸಣ್ಣ ಲೆಕ್ಕಾಚಾರ ತನ್ನ ತಲೆಯಲ್ಲಿ ಇಷ್ಟು ಸಲೀಸಾಗಿ ಹುಟ್ಟಿತಲ್ಲ ಎಂದು ಕೈ ತೊಳೆಯುವಾಗ ಅನಿಸಿತು. ಆದರೂ ತಿರುಗಿ ಹೋಗಿ ಅದನ್ನು ತೆಗೆಯಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ನೀರು ಕುದಿ ಕುದಿ ಕಾದಿತ್ತು. ಮಿಂದು, ಮಡಿ ಉಟ್ಟು, ಸೂತಕ ಕಳೆದು ಬಂದಾಗ ಒಳಕೋಣೆಯಲ್ಲಿ ಬಾಳೆ ಎಲೆ ಹಾಸಿತ್ತು. ಹೆಂಗಸರು ಬಾಗಿಲಲ್ಲಿ ಎಡೆಯ ಅಡುಗೆ ಜೋಡಿಸುತ್ತಿದ್ದರು. ಕೋಳಿ ಸಾರು, ಕಡುಬು, ಒಣಸೀಗಡಿ ಚಟ್ನಿ, ಸುನಿಲನಿಗೆ ಇಷ್ಟವೆಂದು ಬೇಕರಿಯ ಖಾರದ ಬನ್ನು, ಕಾಗದ ಬಿಚ್ಚಿ. ಶೇಷಮ್ಮನ ಅಕ್ಕ ಗುತ್ಯಮ್ಮ ಹೊಸನಗರದಿಂದ ಬಂದು ನಾಲ್ಕು ದಿನವಾಗಿತ್ತು. ಅವಳಿಗೆ ದನಿ ತಗ್ಗಿಸಿ ಮಾತಾಡುವುದೆಂದರೆ ಎಲ್ಲರಿಗೂ ಕೇಳುವಂತೆ ಮಾತಾಡುವುದು.

"ಅಲ್ಲ ಶೇಷಿ, ಆನಂದಪುರದಾಗೆ ಯಾರ ಮನೆ ಮದ್ವೆ ಅಂತ ನಮ್ಮೋರು ಪೂರ್ತಿ ವಿಚಾರ್ಸಿದಾರೆ. ಅಂಥದೊಂದು ಮದ್ವೇನೇ ಇಲ್ವಂತೆ. ಗಂಡಸ್ರ ಹೊಟ್ಟೇಲಿ ಎಂತೆಂತ ಇರುತ್ತೋ ತಾಯಿ."

"ಅಕ್ಕ, ಬಾಯಿ ಮುಚ್ಚೇ ಸಾಕು."

"ನಾನು ಎಂತ ಹೇಳ್ದೆ ಈಗ? ಊರು ಹೇಳೋದು ಹೇಳ್ದೆ."

ವಿನಯಾ ಚಟ್ನಿ ಬಡಿಸುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ. ಎಲೆಯ ಅದೇ ಜಾಗಕ್ಕೆ ಒಂದು ಸಲ, ಎರಡು ಸಲ, ಮೂರು ಸಲ ಬಡಿಸಿದಳು. ಜಟ್ಟಪ್ಪ ಆ ಗುಡ್ಡೆಯನ್ನು ನೋಡಿದ. ಚೀಟಿ ಈಗ ಬೂದಿ. ಇನ್ನು ಯಾರೂ ಅವನನ್ನು ಹಿಡಿಯುವಂತಿರಲಿಲ್ಲ. ಹಿಡಿಯುವವರಿಲ್ಲ ಎಂಬ ಆ ಬಯಲಿನಲ್ಲಿ ನಿಂತಾಗಲೇ ಮಾತು ತಾನಾಗಿ ಹೊರಗೆ ಬಂತು.

"ಅವನು ಯಾರ ಮನೆಗೂ ಹೋಗಿಲ್ಲ. ಈ ಪಾರ್ಸಲ್ ತರೋಕೆ ಗೋಡೌನಿಗೆ ಹೋಗಿದ್ದ. ಮನೆಗೇ ಬಂದಿತ್ತು ಇದು. ನಾನೇ ವಾಪಸ್ ಕಳ್ಸಿದ್ದೆ."

ಬೈಗುಳಕ್ಕೆ, ಶಾಪಕ್ಕೆ, ಶೇಷಮ್ಮ ಎದೆ ಬಡಿದುಕೊಳ್ಳುವುದಕ್ಕೆ ಅವನು ಮೈ ಗಟ್ಟಿ ಮಾಡಿಕೊಂಡು ನಿಂತ. ಗುತ್ಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ದೊಡ್ಡ ಮನ್ಸು ಭಾವಯ್ಯ ನಿಮ್ದು. ಹೋದವನ ಹೆಸ್ರು ಕೆಡಬಾರ್ದು ಅಂತ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರಿ."

"ಅಲ್ಲ ಗುತ್ಯಮ್ಮ. ನಿಜವಾಗ್ಲೂ ನಾನೇ."

"ಹೌದು, ಹೌದು. ನಿಜಾನೇ ಅನ್ನಾಣ. ಇನ್ಮೇಲೆ ಯಾರಾದ್ರೂ ಕೇಳಿದ್ರೆ ಹಂಗೇ ಹೇಳ್ತೀವಿ."

"ಅಯ್ಯೋ, ಸಿಗಂದೂರಮ್ಮನಾಣೆ ನಾನು..."

"ಆಣೆ ಎಂತಕ್ಕೆ ಭಾವ," ಎಂದು ಶೇಷಮ್ಮ ಬಿಕ್ಕಿದಳು. ಎದ್ದು ಬಂದು, ಮಗನನ್ನು ಕಳೆದುಕೊಂಡ ಆ ತಾಯಿ ಅವನಿಗೆ ಎರಡೂ ಕೈ ಎತ್ತಿ ಮುಗಿದಳು. ಅವನು ಹೆಚ್ಚು ಹೇಳಿದಷ್ಟೂ ದೊಡ್ಡವನಾಗುತ್ತಿದ್ದ. ನಿಜವನ್ನು ನಿಲ್ಲಿಸಲು ಬೇಕಿದ್ದ ಒಂದೇ ಒಂದು ಊರುಗೋಲನ್ನು ಅವನೇ ಸೌದೆಯ ಕೆಳಗೆ ತುರುಕಿದ್ದ.

ವಿನಯಾ ಚಟ್ನಿಯ ಬಟ್ಟಲು ಕೆಳಗಿಟ್ಟು ಎದ್ದು ನಿಂತಳು. "ಡಬ್ಬಿ ಮೇಲೆ ಚೀಟಿ ಇರುತ್ತಲ್ಲ, ವಾಪಸ್ ಹೋಗಿದ್ದಕ್ಕೆ. ಎಲ್ಲಿ?"

"ಬಚ್ಚಲ ಒಲೆಗೆ ಹಾಕ್ದೆ."

"ಇವತ್ತು ಆ ಒಲೆ ಹಚ್ಚಿದ್ದು ನಾನು."

ಅವನು ತಲೆ ತಗ್ಗಿಸಿದ.

"ಮುಖ ನೋಡಿ ಹೇಳಿ. ನಿಮ್ಮನ್ನ ಮುಚ್ಚೋಕೆ ಅವ್ರು ನನ್ನ ಹತ್ರ ಸುಳ್ಳು ಹೇಳಿದ್ದಾ? ಹೋಗೋ ಹೊತ್ನಲ್ಲಿ ನನಗೆ ಉಳಿಸಿಟ್ಟು ಹೋದ ಮಾತು ಅದೊಂದೇ ದೊಡ್ಡ ಮಾವ. ಪೆನ್‌ಡ್ರೈವ್ ಕೊಟ್ಟು ಬರ್ತೀನಿ ಅನ್ನೋ ಸುಳ್ಳು. ಹನ್ನೊಂದು ದಿನದಿಂದ ಅದನ್ನ ತಿರುಗಾ ಮುರುಗಾ ನೋಡ್ತಿದೀನಿ."

"ನಾನು ಮಾಡಿದ್ದು ಗೊತ್ತಾದ್ರೆ ಮನೇಲಿ ಮಾತು ಬೆಳೆಯುತ್ತೆ ಅಂತ ಹೇಳಿರ್ಬೇಕು ತಂಗಿ. ಬೇರೆ ಏನೂ ಇಲ್ಲ."

"ನೀವು ಹೇಳೋದು ನಿಜ ಆಗ್ಲಿ ಅಂತ ನನಗೆ ಎಷ್ಟು ಆಸೆ ಇದೆ ಗೊತ್ತಾ? ಅದಕ್ಕೇ ನಂಬೋಕೆ ಹೆದ್ರಿಕೆ."

ಅವಳ ಕಣ್ಣು ಒಣಗಿತ್ತು. ಬೈದಿದ್ದರೆ ಅವನು ಅದರಲ್ಲಿ ಒಂದಿಷ್ಟು ಜಾಗ ಮಾಡಿಕೊಂಡು ಕೂರುತ್ತಿದ್ದ. ಅವಳು ಬೈಯಲಿಲ್ಲ. ಇಷ್ಟು ದಿನ ತಾನು ಮುಚ್ಚಿಟ್ಟದ್ದು ತನ್ನ ತಪ್ಪನ್ನು ಮಾತ್ರ ಎಂದು ಜಟ್ಟಪ್ಪ ತಿಳಿದಿದ್ದ. ಈ ಹೆಣ್ಣಿನ ಗಂಡನನ್ನೇ ಅವಳಿಂದ ಮುಚ್ಚಿಟ್ಟಿದ್ದೆ ಎಂದು ಈಗ ಕಂಡಿತು.

"ನಾಳೆ ಆನಂದಪುರಕ್ಕೆ ಹೋಗ್ತೀನಿ," ಅಂದ. "ಗೋಡೌನಿನೋರ ಹತ್ರ ಎಲ್ಲ ಇರುತ್ತೆ. ಯಾರು ಬೇಡ ಅಂದ್ರು, ಯಾವಾಗ ಅವನು ಬಂದು ತಗೊಂಡ, ಎಲ್ಲ ಬರೆಸ್ಕೊಂಡು ಬರ್ತೀನಿ. ತಂದು ಇವ್ರೆಲ್ಲರ ಮುಂದೆ ಓದ್ತೀನಿ."

"ನಾನೂ ಬರ್ತೀನಿ," ಅಂದಳು ವಿನಯಾ.

ಅದು ಜೊತೆಗೆ ಬರುವವರ ದನಿಯಲ್ಲ, ಒಬ್ಬನೇ ಕಳಿಸಲು ಮನಸ್ಸಿಲ್ಲದವರ ದನಿ. ಜಟ್ಟಪ್ಪ "ಆಗ್ಲಿ" ಅಂದ. ಆ ತಿರುವನ್ನು ದಾಟಿಯೇ ಇಬ್ಬರೂ ಹೋಗಬೇಕು, ದಾಟಿಯೇ ಬರಬೇಕು. ಯಾವ ಕಡೆಯ ಕಿಟಕಿಯ ಪಕ್ಕ ಅವಳು ಕೂರುತ್ತಾಳೋ ಎಂದು ಒಂದು ಯೋಚನೆ ಸುಮ್ಮನೆ ಬಂದು ಹೋಯಿತು.

"ಹೊತ್ತು ಮೀರುತ್ತೆ, ಎಡೆ ಇಡಿ ಭಾವ," ಅಂದಳು ಶೇಷಮ್ಮ.

ಮನೆಗೆ ಹಿರಿಯನೆಂದು ಅವನೇ ಇಡಬೇಕಿತ್ತು. ಎಲೆಯ ಬಲಕ್ಕೆ ನೀರಿನ ಲೋಟ, ಎಡಕ್ಕೆ ಆ ತಾಮ್ರದ ವಸ್ತು. ಹೆಬ್ಬೆರಳಿನ ಗುರುತು ಹಾಗೇ ಇತ್ತು, ಒರೆಸಲು ಹೋಗಲಿಲ್ಲ. ಧೂಪ ಹಾಕಿ, ಹಿಮ್ಮುಖವಾಗಿ ನಡೆದು ಬಂದು ಬಾಗಿಲು ಎಳೆದುಕೊಂಡ. ಒಳಗಿನವನು ಉಣ್ಣುವಷ್ಟು ಹೊತ್ತು ಹೊರಗೆ ಎಲ್ಲರೂ ಮಾತಿಲ್ಲದೆ ನಿಂತರು. ಹೇಳಬೇಕೆಂದು ಹತ್ತು ದಿನದಿಂದ ಕಟ್ಟಿಕೊಂಡ ಮಾತುಗಳು ಅವನಲ್ಲಿ ಬೇಕಾದಷ್ಟಿದ್ದವು. ಆ ಭಾನುವಾರದ ನಗು, ಎಳೆದುಕೊಂಡ ಕುರ್ಚಿ, ನನಗೂ ನೋವಾಗಿತ್ತು ಕಣೋ ಎಂಬುದು. ಬಾಗಿಲ ಮುಂದೆ ನಿಂತಾಗ ಅವೆಲ್ಲ ತನ್ನನ್ನು ಉಳಿಸಿಕೊಳ್ಳುವ ಮಾತುಗಳಾಗಿ ಕಂಡವು. ಅವನ್ನು ಅಲ್ಲೇ ಬಿಟ್ಟು, ಕಣ್ಣು ಮುಚ್ಚಿ, ಕೈ ಜೋಡಿಸಿ, ಪಕ್ಕದಲ್ಲಿ ನಿಂತ ವಿನಯಾಳಿಗೆ ಕೇಳುವಷ್ಟು ದನಿಯಲ್ಲಿ ಬೇಡಿಕೊಂಡ:

"ತಾಯೀ, ಸಿಗಂದೂರಮ್ಮ, ನಮ್ಮ ಹುಡುಗ ಹೊಸ್ತಿಲು ದಾಟುವಾಗ ಅವನ ಬಾಯಲ್ಲಿ ಒಂದು ಸುಳ್ಳಿತ್ತು. ಅದು ಅವನದಲ್ಲ, ನನ್ನದು. ಅದನ್ನು ಅವನ ಹೆಗಲಿಂದ ಇಳಿಸಿ ನನ್ನ ಹೆಗಲಿಗೆ ಹಾಕು. ಅವನು ಬರಿಗೈಯಲ್ಲಿ, ಹಗುರಾಗಿ ನಿನ್ನ ಹತ್ತಿರ ಬರಲಿ. ನಡೆದು ದಣಿದ ಜೀವ, ನಿನ್ನ ಪಾದದ ಬಳಿ ಕೂರಿಸಿಕೊ. ಅವನಿಗೆ ಶಾಂತಿ ಕೊಡು ತಾಯಿ, ಶಾಂತಿ ಕೊಡು."